ಚಂದ್ರಿಯ ಬೋಗೋಣಿ

ಈಚೆಗೊಂದು ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ನಾಯಿಗೆ ಡಾಕ್ಟರೇ ಆಲ್ಕೋಹಾಲ್ ಕೊಟ್ಟರು.

ಬಾಯಿಗಲ್ಲ, ನರಕ್ಕೆ. ಸಲೈನ್ ಜೊತೆ ಹನಿಹನಿಯಾಗಿ. ಪಕ್ಕದಲ್ಲಿ ನಿಂತಿದ್ದ ಶಾಂತಾ ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಶರಣರ ಮನೀ ನಾಯಿ ಐತ್ರಿ ಇದು. ಒಂದು ತತ್ತೀನೂ ಮೂಸಿಲ್ಲ!" (ಸುಳ್ಳು. ಓಣಿಯ ತುದಿಯಲ್ಲಿರುವ ಬಿರಿಯಾನಿ ಅಂಗಡಿಯವನನ್ನು ಕೇಳಿ ನೋಡಿ.) ಡಾಕ್ಟರಮ್ಮನಿಗೆ ಕನ್ನಡ ಬರದು. ಬಂದಿದ್ದರೂ ನಗುವ ಹೊತ್ತಾಗಿರಲಿಲ್ಲ.

ನಾಯಿಯ ಹೆಸರು ಚಂದ್ರಿ. ಕಂದು ಬಣ್ಣ, ಒಂದು ಕಿವಿ ಹರಿದಿದೆ. ಯಾರ ನಾಯಿಯೂ ಅಲ್ಲ, ಆದರೆ ರೊಟ್ಟಿ ತಿನ್ನುವುದು ಕಾಕು ಕೈಯಿಂದ ಮಾತ್ರ. ಕಾಕು ಮತ್ತು ಅವರ ಯಜಮಾನರು ಈರಪ್ಪ ಕಾಕಾ ನಮ್ಮ ಪಕ್ಕದ ಮನೆಯವರು. ಬೈಲಹೊಂಗಲದ ಕಡೆಯವರು. ಕಾಕಾ ಇಲ್ಲೇ, ಈ ತೆಲುಗು ಊರಿನಲ್ಲೇ, ಕುಷಾಯಿಗೂಡದ ಹತ್ತಿರದ ಕಾರ್ಖಾನೆಯಲ್ಲಿ ಇದ್ದು ರಿಟೈರ್ ಆದವರು. ನಾನು ಮೈಸೂರಿನವಳು. ನನ್ನ ಕನ್ನಡ ಕೇಳಿದರೆ ಕಾಕಾಗೆ ಈಗಲೂ ನಗು ಬರುತ್ತದೆ. "ತಂಗಿ, ನೀ ಬಯ್ದರೂ ಹಾಡಿದಂಗ ಆಗತೈತಿ ನೋಡು" ಅನ್ನುತ್ತಾರೆ.

ಕಾಕಾ ಬಳಿ ಒಂದು ಹಳೇ ಬಿಳಿ ಕಾರಿದೆ. ಅದನ್ನು ಯಾವ ಮೆಕ್ಯಾನಿಕ್ಕೂ ಮುಟ್ಟುವಂತಿಲ್ಲ. "ನನ್ನ ಗಾಡಿ ಹೊಟ್ಟ್ಯಾಗ ಮಂದಿ ಯಾಕ ಕೈ ಹಾಕಬೇಕು?" ಪ್ರತಿ ವರ್ಷ ಬಿಸಿಲು ಏರುವ ಮುಂಚೆ ಗೇಟಿನ ಮುಂದೆ ಕಾರು ನಿಲ್ಲಿಸಿ, ಹಳೇ ಲುಂಗಿ ಉಟ್ಟು, ಕೆಳಗೆ ಗೋಣಿಚೀಲ ಹಾಸಿ ಮಲಗುತ್ತಾರೆ. ಹಳೇ ಎಂಜಿನ್ ಆಯಿಲ್ ಇಳಿಸುತ್ತಾರೆ. ರೇಡಿಯೇಟರಿನ ಕೂಲಂಟ್, ಅದೇ ಹಸಿರು ನೀರು, ಅದನ್ನೂ ಇಳಿಸುತ್ತಾರೆ. ಎರಡನ್ನೂ ಗಟಾರಕ್ಕೆ ಸುರಿಯುತ್ತಾರೆ.

ಆ ಭಾನುವಾರವೂ ಕಾಫಿ ಲೋಟ ಹಿಡಿದು ನಾನು ಗೇಟಿಗೆ ಒರಗಿ ಕೇಳಿದೆ, "ಕಾಕಾ, ಗಟಾರಕ್ಕೇ ಯಾಕೆ?"

"ಎಣ್ಣಿ ತೇಲಿತಂದ್ರ ಸೊಳ್ಳಿ ಸಾಯ್ತಾವ. ಮುನಿಸಿಪಾಲ್ಟಿ ಕೆಲಸ ನಾ ಪುಕ್ಕಟ ಮಾಡಾಕತ್ತೀನಿ. ನನಗ ಸನ್ಮಾನ ಮಾಡಬೇಕು ನೀವು."

"ಹಸಿರು ನೀರಿಗೂ ಸನ್ಮಾನಾನಾ?"

"ಅದು ನೀರವಾ! ನೀರು ಗಟಾರಕ್ಕ ಹೋಗದ ಮತ್ತ ನಿಮ್ಮ ಮೈಸೂರಿಗೆ ಹೋಗತೈತೇನು?"

ವಾದ ರುಚಿಯಾಗಿತ್ತು. ಇಬ್ಬರೂ ಬಿಡಲಿಲ್ಲ. ಕಾಕಾ ಕಾರಿನ ಕೆಳಗಿಂದ ತಲೆ ಹೊರಗೆ ಹಾಕಿ ಉತ್ತರ ಕೊಡುವುದು, ನಾನು ಲೋಟ ಕಟ್ಟೆಯ ಮೇಲಿಟ್ಟು ಬೆರಳು ತೋರಿಸುವುದು.

ಇಷ್ಟರಲ್ಲಿ ನಡೆದದ್ದು ಇದು. ಕೂಲಂಟ್ ಹಿಡಿಯಲು ಕಾಕಾ ಪ್ರತಿ ವರ್ಷ ಬಳಸುತ್ತಿದ್ದ ತಗಡಿನ ಡಬ್ಬಿ ತುಕ್ಕು ಹಿಡಿದು ತೂತಾಗಿತ್ತು. ಗೇಟಿನ ಪಕ್ಕದಲ್ಲೇ ಒಂದು ಅಗಲವಾದ ಅಲ್ಯುಮಿನಿಯಂ ಬೋಗೋಣಿ ಕಾಣಿಸಿತು. ರೇಡಿಯೇಟರಿನ ಕೆಳಗೆ ಸರಿಯಾಗಿ ಕೂರುವ ಎತ್ತರ. ಅದರಲ್ಲಿದ್ದ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿ, ಅದನ್ನೇ ಕೆಳಗಿಟ್ಟರು. ತುಂಬಿದ ಮೇಲೆ ಎಳೆದು ಬದಿಗಿಟ್ಟು, ಆಯಿಲ್ ಕಡೆಗೆ ಹೊರಳಿದರು.

ಆ ಬೋಗೋಣಿ ಯಾರದು? ಬೇಸಿಗೆ ಬಂತೆಂದರೆ ಕಾಕು ಗೇಟಿನ ಪಕ್ಕ ನೀರಿಡುತ್ತಾರೆ. ಕಾಗೆಗೆ, ಅಳಿಲಿಗೆ, ಮುಖ್ಯವಾಗಿ ಚಂದ್ರಿಗೆ. ಊರಿನಲ್ಲಿ ಅವರ ಅತ್ತೆ ಇಡುತ್ತಿದ್ದರಂತೆ, ಇಲ್ಲಿ ಇವರು.

ಚಂದ್ರಿ ಬಂದಳು. ಅವಳ ತಪ್ಪೇನು? ಅವಳು ತನ್ನ ಪಾತ್ರೆಯಲ್ಲಿ ಬಾಯಿ ಹಾಕಿದಳು.

ಒಳಗಿಂದ ಬಾಗಿಲಿಗೆ ಬಂದ ಕಾಕು ಕೂಗಿದರು. ಆ ಕೂಗಿಗೆ ಕಾಕಾ ಏಳಲು ಹೋಗಿ ಬಂಪರಿಗೆ ತಲೆ ಬಡಿಸಿಕೊಂಡರು. ಕೂಲಂಟ್ ಸಿಹಿ ಇರುತ್ತದೆ, ಪ್ರಾಣಿಗಳು ಇಷ್ಟಪಟ್ಟು ನೆಕ್ಕುತ್ತವೆ, ಸ್ವಲ್ಪ ಹೋದರೂ ಕಿಡ್ನಿ ಕೆಡುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಅದನ್ನು ಹೇಳಿದೆ. ವಾದ ಅಲ್ಲಿಗೇ ಬಿಟ್ಟು ಪ್ರಾಣಿಗಳ ಆಸ್ಪತ್ರೆಗೆ ಹೊರಟೆವು. ನನ್ನ ಕಾರಿನ ಮುಂದೆ ಕಾಕಾ, ಹಿಂದಿನ ಸೀಟಿನಲ್ಲಿ ಕಾಕು, ಅವರ ತೊಡೆಯ ಮೇಲೆ ಚಂದ್ರಿ. ಜೀವಮಾನದಲ್ಲಿ ಮೊದಲ ಸಲ ಕಾರು ಹತ್ತಿದ ಅವಳು ಕಿಟಕಿಯಿಂದ ಮುಖ ಹೊರಗೆ ಹಾಕಿ ಭಾನುವಾರದ ಗಾಳಿ ಕುಡಿಯುತ್ತ ಬಂದಳು.

ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಎಂತ ತಾಗಿಂದಿ?" ಎಷ್ಟು ಕುಡಿಯಿತು?

ಕಾಕಾ ಹಿಂದಿಯಲ್ಲಿ ಹೇಳಿದರು, ಕುಡಿದೇ ಇಲ್ಲ, ಬರೀ ಮೂಸಿದೆ. ಕಾಕು ತೆಲುಗಿನಲ್ಲಿ ಹೇಳಿದರು, ಅರ್ಧ ಬೋಗೋಣಿ ಖಾಲಿ ಮಾಡಿದೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಎರಡು-ಮೂರು ಸಲ ನಾಲಿಗೆ ಹಾಕಿರಬಹುದು.

"ಮುಗ್ಗುರು, ಮೂಡು ಕಥಲು" ಎಂದರು ಡಾಕ್ಟರಮ್ಮ. ಮೂವರು, ಮೂರು ಕಥೆ.

"ಏ, ನೀ ಒಳಗಿದ್ದಿ, ನೀ ಎಲ್ಲಿ ನೋಡಿದಿ?" ಎಂದು ಕಾಕಾ ಕಾಕುವಿನ ಮೇಲೆ ಏರಿದರು.

"ನೀವು ಗಾಡಿ ಬುಡಕ ಇದ್ರಿ. ನಿಮಗ ಅದರ ಬಾಲರೇ ಕಂಡಿತ್ತೇನು?" ಕಾಕು ಬಿಡಲಿಲ್ಲ.

ಈಗ ಒಪ್ಪಿಕೊಳ್ಳಬೇಕಾದ ಒಂದು ಮಾತಿದೆ. ಆ ಬೆಳಗಿನ ಬಗ್ಗೆ ನನ್ನ ತಲೆಯಲ್ಲಿ ಒಂದು ಸ್ಪಷ್ಟವಾದ ಚಿತ್ರವಿದೆ. ಬೋಗೋಣಿ, ಬಾಗಿದ ಕತ್ತು, ಗುಲಾಬಿ ನಾಲಿಗೆ, ಹಸಿರು ನೀರಿನಲ್ಲಿ ಎದ್ದ ಸಣ್ಣ ಅಲೆ. ಆ ಚಿತ್ರದ ಮೇಲೆ ನನಗೆ ನಂಬಿಕೆಯಿಲ್ಲ. ನಾನು ಆ ಹೊತ್ತಿನಲ್ಲಿ ಕಾಕಾ ಕಡೆ ಬೆರಳು ತೋರಿಸುತ್ತಿದ್ದೆ. ಬೋಗೋಣಿ ನನ್ನ ಬೆನ್ನ ಹಿಂದಿತ್ತು. ಬೆನ್ನಿಗೆ ಕಣ್ಣಿದೆಯೇ? ಕುಡಿದೇ ಇಲ್ಲ ಎನ್ನುವುದು ಕಾಕಾಗೆ ಬೇಕಾದ ನೆನಪು. ಅರ್ಧ ಬೋಗೋಣಿ ಕುಡಿಯಿತು ಎನ್ನುವುದು ಕಾಕುಗೆ ಅನ್ನಿಸಿದ ಭಯ. ನನ್ನದು ಮಧ್ಯಸ್ಥರ ನೆನಪು. ಯಾರಿಗೂ ನೋವಾಗಬಾರದು ಎಂದು ತಾನಾಗಿ ಹುಟ್ಟಿಕೊಂಡದ್ದು. ಅದು ಹೆಚ್ಚು ಸಭ್ಯ, ಹೆಚ್ಚು ನಿಜವೇನಲ್ಲ.

ಡಾಕ್ಟರಮ್ಮ ಮೂರನ್ನೂ ಬದಿಗಿಟ್ಟರು. ಕುಡಿದಿದೆ ಎಂದೇ ಇಟ್ಟುಕೊಂಡು ನಡೆಯೋಣ, ಲಕ್ಷಣ ಕಾಣುವವರೆಗೆ ಕಾದರೆ ತಡವಾಗುತ್ತದೆ ಎಂದರು. ಮೊದಲು ವಾಂತಿ ಮಾಡಿಸಿದರು. ಆಮೇಲೆ ಆ ಆಲ್ಕೋಹಾಲ್ ಡ್ರಿಪ್. ಕೂಲಂಟ್ ಒಳಗೆ ಹೋಗಿ ವಿಷವಾಗಿ ಬದಲಾಗುವುದನ್ನು ಅದು ತಡೆಯುತ್ತದಂತೆ. ಚಂದ್ರಿಯ ಕಣ್ಣು ತೇಲಿತು, ಕತ್ತು ಜೋಲಿತು. ಕಾಕಾ ಅವಳ ಹರಿದ ಕಿವಿಯನ್ನು ಹಿಡಿದುಕೊಂಡು ಕೂತರು. ಕೈಗೆ ಇನ್ನೂ ಕರಿ ಎಣ್ಣೆ ಅಂಟಿತ್ತು. ಅದನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡು, ಲುಂಗಿಗೆ ಒರೆಸಿ, ಮತ್ತೆ ಹಿಡಿದರು.

ಕೆಲವು ದಿನ ಅಲ್ಲೇ ಇಟ್ಟುಕೊಂಡು ರಕ್ತ ಪರೀಕ್ಷೆ ಮಾಡುತ್ತ ಹೋದರು. ಅಷ್ಟೂ ದಿನ ಕಾಕಾ ಕಾರಿನ ಬಾನೆಟ್ ತೆರೆದೇ ಇತ್ತು. ಯಾರೂ ಮುಚ್ಚಲಿಲ್ಲ. ಕೊನೆಗೆ ಕಿಡ್ನಿ ಚೆನ್ನಾಗಿದೆ ಎಂದು ಮನೆಗೆ ಕಳಿಸಿದರು. ಹಾಗಾದರೆ ಅವಳು ಕುಡಿದಿರಲಿಲ್ಲವೇ? ಅಥವಾ ಕುಡಿದಿದ್ದಕ್ಕೆ ಮದ್ದು ನಾಟಿತೇ? ಗೊತ್ತಿಲ್ಲ. "ನಾ ಹೇಳಿದ್ನಿಲ್ಲ?" ಎಂದರು ಕಾಕಾ. "ನಾ ಹೇಳಿದ್ನಿಲ್ಲ?" ಎಂದರು ಕಾಕು.

ಚಂದ್ರಿ ಬಂದಳು. ಹಸಿರು ನೀರು ಎಲ್ಲಿಗೆ ಹೋಗಬೇಕು?

ಬೋಗೋಣಿಯಿಂದ ಸುರಿದ ಅದು ಒಂದು ಕ್ಯಾನಿನಲ್ಲಿ, ಇಳಿಸಿದ ಎಣ್ಣೆ ಇನ್ನೊಂದು ಡಬ್ಬಿಯಲ್ಲಿ ಕೂತಿತ್ತು. ಕಾಕು ತೀರ್ಪು ಕೊಟ್ಟಾಗಿತ್ತು. "ಗಟಾರಕ್ಕ ಒಂದು ಹನಿ ಬಿತ್ತಂದ್ರ ಗಾಡಿ ಮಾರಿಬಿಡ್ರಿ." ಅದಕ್ಕೆ ನಾನೂ ಕಾಕಾನೂ ಎರಡನ್ನೂ ನನ್ನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆವು.

ಎಣ್ಣೆಗೆ ಗಿರಾಕಿಗಳೋ ಗಿರಾಕಿಗಳು! ಬಡಗಿಯೊಬ್ಬ ಗೆದ್ದಲು ಹಿಡಿಯದಂತೆ ಚೌಕಟ್ಟಿಗೆ ಬಳಿಯಲು ಕೇಳಿದ. ಕಟ್ಟಡದ ಮೇಸ್ತ್ರಿ ಸೆಂಟ್ರಿಂಗ್ ಹಲಗೆಗೆ ಸಿಮೆಂಟ್ ಅಂಟದಿರಲು ಕೇಳಿದ. ಗುಜರಿಯವನು ಡಬ್ಬಿಯ ಸಮೇತ ಕೊಡಿ ಎಂದ. ಅವನಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ "ಭಟ್ಟಿ ಮೇ ಜಲ್ ಜಾತಾ, ಸಾಬ್" ಎಂದು ನಕ್ಕ. ಕುಲುಮೆಯಲ್ಲಿ ಉರಿದುಹೋಗುತ್ತದೆ. ಕಾಕಾಗೆ ಕೊಟ್ಟುಬಿಡುವ ಆಸೆ. ಅವರ ಅಪ್ಪ ಊರಲ್ಲಿ ಬಾಗಿಲಿಗೆ ಇದನ್ನೇ ಬಳಿಯುತ್ತಿದ್ದರಂತೆ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಬೇಕು ಎನ್ನುವವರಿಗೆ ಕೊಡುವುದು ದಾನವಲ್ಲವೇ? ಆದರೆ ಬಳಿದ ಎಣ್ಣೆ ಮಳೆಗೆ ಇಳಿದು ಮಣ್ಣಿಗೆ ಸೇರುತ್ತದೆ. ಸುಟ್ಟ ಎಣ್ಣೆಯ ಹೊಗೆ ಯಾರದೋ ಮೂಗಿಗೆ. ಕಣ್ಣಿಂದ ಮರೆಯಾದದ್ದೆಲ್ಲ ಮುಗಿದಂತೆ ಅಂತ ಯಾರು ಹೇಳಿದರು?

ಹಸಿರು ನೀರನ್ನಂತೂ ಯಾರೂ ಮೂಸಲಿಲ್ಲ. (ಚಂದ್ರಿ ಒಬ್ಬಳನ್ನು ಬಿಟ್ಟರೆ.)

ಕೊನೆಗೆ ಮಲ್ಕಾಜ್‌ಗಿರಿ ದಾಟಿ ಒಂದು ದೊಡ್ಡ ಸರ್ವಿಸ್ ಸೆಂಟರ್. ಅಲ್ಲಿನ ಮ್ಯಾನೇಜರ್ ಮೊದಲು ತಲೆ ಅಲ್ಲಾಡಿಸಿದ. ನಮ್ಮ ಕಸ್ಟಮರ್ ಅಲ್ಲವಲ್ಲ ನೀವು? ಕಾಕಾ ನಾಯಿಯ ಕಥೆ ಹೇಳಿದರು. (ಅವರ ಕಥೆಯಲ್ಲಿ ಚಂದ್ರಿ ಈಗ ಅರ್ಧ ಬೋಗೋಣಿ ಕುಡಿದಿದ್ದಳು!) ಅವನು ಕ್ಯಾನಿನ ಮುಚ್ಚಳ ತೆರೆದು ನೋಡಿ, "ರೆಂಡೂ ಕಲಪಲೇದು ಕದಾ?" ಎಂದ. ಎರಡನ್ನೂ ಬೆರೆಸಿಲ್ಲ ತಾನೇ? ಬೆರೆಸಿದ್ದರೆ ಮುಟ್ಟುತ್ತಿರಲಿಲ್ಲವಂತೆ. ಎಣ್ಣೆ ಒಂದು ಡ್ರಮ್ಮಿಗೆ. ಅದು ಲೈಸೆನ್ಸ್ ಇರುವವರ ಹತ್ತಿರ ಹೋಗಿ, ಶುದ್ಧವಾಗಿ ಮತ್ತೆ ಎಣ್ಣೆಯಾಗುತ್ತದೆ. ಕೂಲಂಟ್ ಇನ್ನೊಂದಕ್ಕೆ. ಒಂದರೊಳಗೆ ಇನ್ನೊಂದು ಸೇರಿದರೆ ಎರಡೂ ಕೆಟ್ಟವು.

ನಾವು ಬೆರೆಸಿರಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಡಬ್ಬಿ ಚಿಕ್ಕದಿತ್ತು.

ವಾಪಸು ಬಂದಾಗ ಗೇಟಿನ ಪಕ್ಕ ಹೊಸ ಮಣ್ಣಿನ ಪಾತ್ರೆ. ಹಳೇ ಬೋಗೋಣಿ ಕಾಕಾ ಕಾರಿನ, ಈಗ ಮುಚ್ಚಿದ್ದ, ಬಾನೆಟ್ ಮೇಲೆ ಕೂತಿತ್ತು, ಇನ್ನು ಇದು ನಿಮ್ಮದು ಎಂಬಂತೆ. ಕಾಕಾ ಒಂದು ನಿಮಿಷ ಗಟಾರದ ಹತ್ತಿರ ನಿಂತರು.

"ತಂಗಿ, ಇದು ಎಲ್ಲಿ ಹೋಗತೈತಿ?"

ಇಷ್ಟು ವರ್ಷ ಇದ್ದ ಓಣಿ. ಇಬ್ಬರಿಗೂ ಗೊತ್ತಿರಲಿಲ್ಲ. ಗಟಾರದ ಜೊತೆಗೇ ನಡೆದೆವು. ಓಣಿ ದಾಟಿ, ಬಿರಿಯಾನಿ ಅಂಗಡಿ ದಾಟಿ, ಅದು ಒಂದು ದೊಡ್ಡ ನಾಲೆಗೆ ಬಿತ್ತು. ನಾಲೆ ಕೆರೆಗೆ ಬಿತ್ತು. ಕೆರೆಯಂಚಿನಲ್ಲಿ ಎಮ್ಮೆಗಳು ಕತ್ತು ಬಗ್ಗಿಸಿ ನೀರು ಕುಡಿಯುತ್ತಿದ್ದವು. ಅಲ್ಲಿ ಕೂಗಲು ಕಾಕು ಇರಲಿಲ್ಲ.

ನಿಮ್ಮ ಮನೆಯ ಗಟಾರ ಯಾರ ಬೋಗೋಣಿಗೆ ಹೋಗಿ ಬೀಳುತ್ತದೆ, ಎಂದಾದರೂ ಜೊತೆಗೆ ನಡೆದು ನೋಡಿದ್ದೀರಾ?