ನೀಲವ್ವನ ಕೈಗುಣ

ಆಗತಾನೆ ಕುಡುಗೋಲಿನಿಂದ ಸವರಿದ ಮಲ್ಲಿಗೆ ಗಿಡಕ್ಕೆ ಹೂವಿನ ವಾಸನೆ ಇರುವುದಿಲ್ಲ. ಹಸಿ ಕಟ್ಟಿಗೆಯ ವಾಸನೆ ಇರುತ್ತದೆ, ಸ್ವಲ್ಪ ಕಹಿ, ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಹೋದ ಪುಷ್ಯದಲ್ಲಿ ಸೊಸೆಯ ಜೊತೆ ಹೂವಿನಹಡಗಲಿಯ ಒಂದು ನರ್ಸರಿಗೆ ಹೋಗಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮನೆಯ ಮುಂದೆ ಕಾಂಪೌಂಡಿನುದ್ದಕ್ಕೂ ಮಣ್ಣು ಖಾಲಿ ಬಿದ್ದಿದೆ, ಅಲ್ಲಿ ಬಣ್ಣ ಬಣ್ಣದ ಹೂವಿನ ಗಿಡ ಇರಬೇಕೆಂದು ಅವಳ ಆಸೆ. ಎಲ್ಲಿ ಬಿಸಿಲು ಬೀಳುತ್ತದೆ, ಎಷ್ಟು ಎತ್ತರ ಬೆಳೆದರೆ ಕಿಟಕಿಗೆ ಅಡ್ಡವಾಗುವುದಿಲ್ಲ ಎಂದೆಲ್ಲ ಚೀಟಿ ಬರೆದುಕೊಂಡೇ ನಾನು ಹೊರಟಿದ್ದೆ. ನಂದಿಬಟ್ಟಲು ಆಯಿತು, ರತ್ನಗಂಧಿ ಆಯಿತು. ನರ್ಸರಿಯವನು, "ದಾಸವಾಳ ಒಯ್ರಿ ಅಮ್ಮಾರ, ಅದೇನೂ ಕೇಳಂಗಿಲ್ಲ, ವರ್ಷಪೂರ್ತಿ ಹೂವು ಬಿಡ್ತೈತಿ" ಎಂದ. ಬೇಡ ಎಂದೆ. ಯಾಕೆ ಎಂದು ಸೊಸೆ ಕೇಳಿದಳು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕುಡುಗೋಲು ಹಿಡಿದು ಮಲ್ಲಿಗೆ ಸವರುತ್ತಿದ್ದಳು. ಆ ವಾಸನೆ ಬಂತು, ನಾನು ಚೀಟಿ ಮಡಚಿ ಗೇಟಿನ ಕಡೆ ನಡೆದೆ.

ಹಡಗಲಿಯಲ್ಲಿ ನಮ್ಮ ತಂದೆಯ ಮನೆ ಹೂವಿನ ಮನೆ. ಮನೆಯ ಹಿಂದೆಯೇ ಮಲ್ಲಿಗೆಯ ಹೊಲ. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಪ್ರವೇಶ ಇದ್ದವರೆಲ್ಲ ಮೊಗ್ಗು ಬಿಡಿಸಬೇಕು. ಏಳರ ಬಸ್ಸಿಗೆ ಬುಟ್ಟಿ ಏರಿದ ಮೇಲೆ ಜಳಕ, ಜಳಕ ಆದ ಮೇಲೆ ರೊಟ್ಟಿ. ತಪ್ಪಿದವರಿಗೆ ಮಧ್ಯಾಹ್ನದವರೆಗೆ ರೊಟ್ಟಿ ಇಲ್ಲ. ಒದ್ದೆ ಬಟ್ಟೆಯ ಮೇಲೆ ಹರಡಿದ ಮೊಗ್ಗಿನ ತಂಪು, ಪಡಸಾಲೆಯಲ್ಲಿ ಸದಾ ನೆನೆಯುತ್ತಿದ್ದ ಬಾಳೆನಾರಿನ ವಾಸನೆ, ಸಾಲಾಗಿ ಬೋರಲು ಹಾಕಿದ ತಾಮ್ರದ ಚೆಂಬುಗಳು, ಇವೆಲ್ಲ ಈಗಲೂ ನನ್ನ ಕಣ್ಣ ಮುಂದಿವೆ. ಇಂಥ ಒಂದು ಮನೆ ನಿಮಗೂ ಇದ್ದಿರಬಹುದು, ಅದು ಹೋಯಿತೆಂದು ನೀವೂ ಹಳಹಳಿಸುತ್ತಿರಬಹುದು. ನಾನೂ ಹಳಹಳಿಸುತ್ತೇನೆ. ಆದರೆ ಆ ಮನೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಮುಚ್ಚಿಟ್ಟು ಹಳಹಳಿಸುವುದು ನನ್ನಿಂದ ಆಗುವುದಿಲ್ಲ. ಅದನ್ನು ನಡೆಸುತ್ತಿದ್ದವಳು ನಮ್ಮ ಅಜ್ಜಿ. ಅಪ್ಪ ಕೂಡ ಅವಳೆದುರು ನಿಂತೇ ಮಾತಾಡುತ್ತಿದ್ದ.

ಅಜ್ಜಿಗೆ ಕೈಗುಣದ ಮೇಲೆ ನಂಬಿಕೆ. ಮನೆಗೆ ಹೊಸಬರು ಯಾರು ಬಂದರೂ, ಸೊಸೆಯಾಗಲಿ ಸಂಬಂಧಿಕರ ಮಕ್ಕಳಾಗಲಿ, ಅವರ ಕೈಯಿಂದ ಒಂದು ಕಡ್ಡಿ ನೆಡಿಸುತ್ತಿದ್ದಳು. ಅದು ಬೇರು ಹಿಡಿದು ಹೂ ಬಿಟ್ಟರೆ ಅವರಿಗೆ ಹೊಲದೊಳಗೆ ಪ್ರವೇಶ, ಇಲ್ಲದಿದ್ದರೆ ಇಲ್ಲ. ನನ್ನ ಅವ್ವ ಮದುವೆಯಾಗಿ ಬಂದ ವಾರ ನೆಟ್ಟ ಕಡ್ಡಿ ಒಣಗಿತ್ತು. ಹೂವಿನ ಮನೆಯ ಸೊಸೆ ಸಾಯುವವರೆಗೂ ಹೂವಿನ ಹೊಲಕ್ಕೆ ಕಾಲಿಡಲಿಲ್ಲ, ಒಲೆಯ ಮುಂದೆಯೇ ಉಳಿದಳು. ಅಂಗಳದ ಗೋಡೆಗುಂಟ ಮಕ್ಕಳಿಗೆ ಒಂದೊಂದು ಗಿಡ ಇತ್ತು, ಅವನ್ನು ಆರಿಸಿದವಳೂ ಅಜ್ಜಿಯೇ. ಆಡು ತಿಂದರೆ ಸಾಯುತ್ತದೆಂದು ಕಣಗಿಲೆ ಬೇಡ, ದಿನವೂ ಗುಡಿಸಬೇಕೆಂದು ಪಾರಿಜಾತ ಬೇಡ, ಹೆಣ್ಣುಮಕ್ಕಳಿಗೆ ಸೊಕ್ಕು ಬರುತ್ತದೆಂದು ಗುಲಾಬಿ ಬೇಡ. ಅಣ್ಣನಿಗೆ ರತ್ನಗಂಧಿ, ನನಗೆ ನಂದಿಬಟ್ಟಲು. ಬೆಳಿಗ್ಗೆ ಎರಡು ಚೆಂಬು ನೀರು, ಸಂಜೆ ಎರಡು.

ನೀಲವ್ವ ಬಂದದ್ದು ಒಂದು ಶ್ರಾವಣದಲ್ಲಿ. ನೀಲಗುಂದದಲ್ಲಿದ್ದ ನನ್ನ ಸೋದರತ್ತೆ ಜ್ವರದಲ್ಲಿ ತೀರಿಕೊಂಡಿದ್ದಳು. ಮಾವ ಮೂರು ತಿಂಗಳಲ್ಲಿ ಇನ್ನೊಂದು ಮದುವೆ ಮಾಡಿಕೊಂಡು ಮಗಳನ್ನು ನಮ್ಮಲ್ಲಿಗೆ ತಂದು ಬಿಟ್ಟ. ಅವಳಿಗೆ ಒಂಬತ್ತು, ನನಗೆ ಹತ್ತು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಒದ್ದೆ ಚಿಂದಿ ಸುತ್ತಿದ ಒಂದು ಕಡ್ಡಿ. ಅವರವ್ವ ಬಚ್ಚಲ ಮೋರಿಯ ಹತ್ತಿರ ಬೆಳೆಸಿದ್ದ ಕೆಂಪು ದಾಸವಾಳದ್ದು ಎಂದಳು. ಅಣ್ಣ ಅದನ್ನು ನೋಡಿ, "ನಿಮ್ಮವ್ವ ಒಲಿಗೆ ಕಟ್ಟಿಗಿ ಕಳಿಸ್ಯಾಳೇನು?" ಎಂದ. ನಾವೆಲ್ಲ ನಕ್ಕೆವು. ಅಜ್ಜಿ ನಗಲಿಲ್ಲ. ಸತ್ತ ಮಗಳ ಮಗಳನ್ನು ಮೇಲಿಂದ ಕೆಳಗೆ ನೋಡಿ, ಅದನ್ನೇ ನೆಡಲಿ ಎಂದಳು. "ಯುಗಾದಿ ಮಟ ನೋಡೂಣು. ಹೂವು ಬಿಟ್ರ ಅದೂ ಇರ್ತೈತಿ, ನೀನೂ ಇರ್ತಿ. ಇಲ್ಲಂದ್ರ ಅದು ಒಲಿಗೆ, ನೀನು ನಿಮ್ಮಪ್ಪನ ಮನಿಗೆ."

ಅಪ್ಪನ ಮನೆ ಎಂದರೆ ಏನೆಂದು ನೀಲವ್ವನಿಗೆ ಗೊತ್ತಿತ್ತು. ಮಲತಾಯಿ ಅವಳ ಪಾಟಿ ಪುಸ್ತಕ ಆಗಲೇ ಯಾರಿಗೋ ಕೊಟ್ಟು, ಎಮ್ಮೆ ಕಾಯಲು ಹಚ್ಚಿದ್ದಳು. ನಮ್ಮಲ್ಲಿ ಅವಳು ನನ್ನ ಜೊತೆ ಶಾಲೆಗೆ ಬಂದಳು, ನನಗಿಂತ ಮುಂದಿನ ಸಾಲಿನಲ್ಲಿ ಕುಳಿತಳು. ಹೂ ಕಟ್ಟಲು ಕಲಿತದ್ದು ಎರಡೇ ದಿನದಲ್ಲಿ. ನಾನು ಒಂದು ಮೊಳ ಕಟ್ಟುವುದರೊಳಗೆ ಅವಳದು ಎರಡು ಮೊಳ ಆಗಿರುತ್ತಿತ್ತು. ಒಂದು ಸಂಜೆ ಅಜ್ಜಿ ಅವಳ ಬೆರಳುಗಳನ್ನು ಹಿಡಿದು ನೋಡಿ, ಥೇಟ್ ನನ್ನ ಮಗಳ ಬೆರಳು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನನ್ನ ಬೆರಳನ್ನು ಅಜ್ಜಿ ಒಂದು ದಿನವೂ ಹಿಡಿದು ನೋಡಿರಲಿಲ್ಲ. ನಾನು ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಕಡ್ಡಿ ಹತ್ತಿತು, ನಮ್ಮ ಎದೆಯೆತ್ತರ ಬೆಳೆಯಿತು. ಆದರೆ ಶಿವರಾತ್ರಿ ಕಳೆದರೂ ಹೂವಿಲ್ಲ, ಬರೀ ಎಲೆ. ನೀಲವ್ವ ದಿನವೂ ಎಲೆ ಸರಿಸಿ ನೋಡುತ್ತಿದ್ದಳು. ಮಲ್ಲಿಗೆಯ ಕೆಲಸ ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಚಳಿಗಾಲದಲ್ಲಿ ಅದಕ್ಕೆ ನೀರು ಕೊಡುವುದನ್ನು ನಿಲ್ಲಿಸುತ್ತಾರೆ. ಬಾಡಿದ ಮೇಲೆ ಸವರಿ, ಉಳಿದ ಎಲೆ ಕಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮೊಗ್ಗಿದ್ದರೆ ಅದನ್ನೂ ಚಿವುಟಿ, ಗೊಬ್ಬರ ಹಾಕಿ ನೀರು ಬಿಡುತ್ತಾರೆ. ಆಮೇಲೆ ಗಿಡ ಮೈತುಂಬ ಹೂ ಬಿಡುತ್ತದೆ. ಪುಷ್ಯದಲ್ಲಿ ಬರಿ ಕಡ್ಡಿಯಾಗಿದ್ದ ಹೊಲ ಫಾಲ್ಗುಣದಲ್ಲಿ ಬೆಳ್ಳಗಾದದ್ದನ್ನು ನೀಲವ್ವ ಕಣ್ಣಾರೆ ಕಂಡಿದ್ದಳು. ನನ್ನ ಗಿಡಕ್ಕೆ ಏನು ಮಾಡಲಿ ಅಕ್ಕ ಎಂದು ನನ್ನನ್ನು ಕೇಳಿದಳು. ಮಲ್ಲಿಗೆಗೆ ಮಾಡಿದ ಹಾಗೇ ಮಾಡು ಎಂದೆ.

"ನಮ್ಮೂರಾಗ ದಾಸವಾಳಕ್ಕ ಹಿಂಗ ಮಾಡಂಗಿಲ್ಲಕ್ಕ."

"ನಿಮ್ಮೂರಾಗ ಹೂವಿನ ಹೊಲ ಅದಾವೇನು?"

ಅವಳು ಹೂಂ ಎಂದಳು. ಮರುದಿನದಿಂದ ತನ್ನ ಪಾಲಿನ ನಾಲ್ಕು ಚೆಂಬು ನೀರನ್ನು ನನ್ನ ನಂದಿಬಟ್ಟಲಿಗೆ ಹಾಕಿದಳು. ಹೊಲದ ಕೆಲಸದ ಗಡಿಬಿಡಿಯಲ್ಲಿ ಯಾರೂ ಅದನ್ನು ನೋಡಲಿಲ್ಲ. ಹತ್ತು ದಿನದಲ್ಲಿ ಗಿಡ ಜೋತುಬಿತ್ತು. ಎಲೆ ಕೀಳಲು ಇಬ್ಬರೂ ಕುಳಿತೆವು. ಆಗ ನಾನು ಮೊಗ್ಗು ಕಂಡೆ. ಎಲೆಯ ಸಂದಿಯಲ್ಲಿ, ಕಡಲೆ ಕಾಳಿನಷ್ಟು, ಹಸಿರು. ಒಂದಲ್ಲ, ಆರೇಳು. ಇನ್ನು ಎರಡು ವಾರ ನೀರು ಬಿದ್ದಿದ್ದರೆ ಯುಗಾದಿಗೆ ಸರಿಯಾಗಿ ಅರಳುತ್ತಿದ್ದವು. ಅವಳೂ ಕಂಡಳು, ಮುಖ ಅರಳಿಸಿ ನನ್ನ ಕಡೆ ನೋಡಿದಳು. ನಾನು ಅಜ್ಜಿಯ ದನಿಯಲ್ಲಿಯೇ, "ಮದಲಿನ ಮೊಗ್ಗು ಇಟ್ಕೋಬಾರ್ದು, ಚೂಟು" ಎಂದೆ. ಅವಳು ನನ್ನ ಮುಖವನ್ನೊಮ್ಮೆ, ಮೊಗ್ಗನ್ನೊಮ್ಮೆ ನೋಡಿದಳು. ಆಮೇಲೆ ಒಂದೊಂದಾಗಿ ಚಿವುಟಿದಳು. ಆ ಬೆರಳುಗಳಿಗೆ ಏನೂ ಹೊತ್ತು ಹಿಡಿಯಲಿಲ್ಲ. ನನಗೆ ತಿಳಿದಿರಲಿಲ್ಲ ಎಂದು ಬರೆಯಬಹುದು. ನನಗೆ ತಿಳಿದಿತ್ತು. ನನ್ನ ನಂದಿಬಟ್ಟಲಿಗೆ ನಾನು ಒಂದು ದಿನವೂ ನೀರು ತಪ್ಪಿಸಿರಲಿಲ್ಲ.

ಕುಡುಗೋಲಿನಿಂದ ಮೊಣಕಾಲೆತ್ತರಕ್ಕೆ ಸವರಿ, ಗೊಬ್ಬರ ಹಾಕಿ, ಅವಳು ನೀರು ಬಿಟ್ಟಳು. ಚಳಿಗಾಲದ ಕೆಲಸವನ್ನು ಬಿಸಿಲಿಗೆ ನೆಲ ಕಾಯುವ ಹೊತ್ತಿನಲ್ಲಿ ಮಾಡಿದ್ದೆವು. ಕಡ್ಡಿ ಚಿಗುರಲಿಲ್ಲ, ತುದಿಯಿಂದ ಕಪ್ಪಾಗುತ್ತ ಬಂತು. ಯುಗಾದಿಯ ದಿನ ಬೇವು ಬೆಲ್ಲ ಹಂಚಿದ ಮೇಲೆ ಅಜ್ಜಿ ಅಂಗಳಕ್ಕೆ ಬಂದಳು. ಗಿಡ ಹಿಡಿದು ಎಳೆದಳು, ಬೇರು ಸಹಿತ ಕೈಗೆ ಬಂತು. ಹೀಗೆ ಮಾಡೆಂದು ಯಾರು ಹೇಳಿದರು ಎಂದು ಕೇಳಿದಳು. ನೀಲವ್ವ ನನ್ನ ಕಡೆ ತಿರುಗಲಿಲ್ಲ. "ಯಾರೂ ಹೇಳಿಲ್ಲಜ್ಜಿ, ನಾನ ಮಾಡೀನಿ" ಎಂದಳು. ನಾನು ಬೇವು ಜಗಿಯುತ್ತ ನಿಂತಿದ್ದೆ.

ಅಜ್ಜಿ ಆ ಬೇರಿನ ಮಣ್ಣು ಕೊಡವಿದಳು. ಆಮೇಲೆ, "ಚಿಗುರಿದ್ದನ್ನ ಕೊಲ್ಲೋ ಕೈ ಇದು. ಹೂವಿನ ಮನಿಗೆ ಬ್ಯಾಡ" ಎಂದಳು. ಅವ್ವ ಅಡುಗೆಮನೆಯ ಬಾಗಿಲವರೆಗೆ ಬಂದು ಬಾಯಿ ತೆರೆದಳು. ನಿನ್ನ ಕೈಯೇನು ಕಡಿಮೆಯೇ ಎಂದು ಅಜ್ಜಿ ಕೇಳಿದ್ದಕ್ಕೆ ಒಳಗೆ ಹೋದಳು. ಮರುದಿನ ಅಪ್ಪ ನೀಲವ್ವನನ್ನು ಹರಪನಹಳ್ಳಿಯ ಬಸ್ಸಿಗೆ ಕರೆದುಕೊಂಡು ಹೋದ. ಅವಳ ಪುಸ್ತಕಗಳನ್ನು ನನ್ನ ಚೀಲಕ್ಕೆ ಹಾಕಿದರು. ಆ ವರ್ಷ ನಾನು ತರಗತಿಗೆ ಮೊದಲಿಗಳಾದೆ.

ಮುಂದೆ ನಾನು ಟೀಚರಾದೆ, ಮೂವತ್ತಾರು ವರ್ಷ ಒಂದು ದಿನವೂ ತಡವಾಗಿ ಶಾಲೆಗೆ ಹೋಗಲಿಲ್ಲ. ಅಜ್ಜಿ ಹೋದಳು, ಅಪ್ಪ ಅವ್ವ ಹೋದರು. ಹೊಲ ಸೈಟುಗಳಾಯಿತು, ಪಡಸಾಲೆ ಇದ್ದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇದೆ. ನಿವೃತ್ತಿಯಾದ ಮೇಲೆ ಒಮ್ಮೆ, ಮುಂಗಾರು ಬಿತ್ತನೆಯ ದಿನಗಳಲ್ಲಿ, ನೀಲಗುಂದಕ್ಕೆ ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಿದ್ದೆ. ನೀಲವ್ವನನ್ನು ಅದೇ ಊರಿನಲ್ಲಿ ಒಂದು ಒಕ್ಕಲು ಮನೆಗೆ ಕೊಟ್ಟಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ, ಹೊಲಕ್ಕೆ ಹೋಗಿದ್ದಾರೆ ಎಂದು ನೆರೆಯವರು ಹೇಳಿದರು, ಅಲ್ಲಿಗೇ ನಡೆದೆ. ಗಂಡ, ಮಗ, ಸೊಸೆ ಎಲ್ಲರೂ ಬಿತ್ತನೆಯ ಸಾಲಿನಲ್ಲಿದ್ದರು. ಅವಳೊಬ್ಬಳೇ ಬದುವಿನ ಮೇಲೆ ಬುತ್ತಿ ಕಾಯುತ್ತ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ಬಂದು ಕಾಲು ಮುಟ್ಟಿದಳು. ಮೈಗೆ ಆರಾಮಿಲ್ಲವೇ ಎಂದು ಕೇಳಿದೆ.

ಅವಳು ನಕ್ಕಳು. "ಮೈ ಆರಾಮ ಐತಕ್ಕ. ನನ್ನ ಕೈಗುಣ ನಿನಗ ಗೊತ್ತಲ್ಲ. ಲಗ್ನಾದಾಗಿಂದ ಬಿತ್ತೋ ದಿನ ನಾ ಹೊಲದಾಗ ಇಳಿಯಂಗಿಲ್ಲ. ಯಾರೂ ಬ್ಯಾಡ ಅಂದಿಲ್ಲ, ನಾನ ಒಲ್ಲೆ ಅಂತೀನಿ. ಇವರ ಅನ್ನಕ್ಕ ಯಾಕ ಕಲ್ಲು ಹಾಕ್ಲಿ?"

ಗಿಡ ಸತ್ತದ್ದು ನಿನ್ನ ಕೈಯಿಂದಲ್ಲ, ನನ್ನ ಮಾತಿನಿಂದ ಎಂದು ಹೇಳಲು ಬಂದವಳು ನಾನು. ಹೇಳಿದರೆ ಇಷ್ಟು ವರ್ಷ ಬದುವಿನ ಮೇಲೆ ಕುಳಿತದ್ದು ಸುಮ್ಮನೆ ಎಂದು ಅವಳಿಗೆ ಗೊತ್ತಾಗುತ್ತದೆ, ಗೊತ್ತಾಗದಿರುವುದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವಳ ಕಣ್ಣಿನಲ್ಲಿ ನಾನು ಅಕ್ಕನಾಗಿಯೇ ಉಳಿಯಬೇಕಿತ್ತು, ಅಷ್ಟೇ. ಅವಳು ಬುತ್ತಿ ಬಿಚ್ಚಿ ರೊಟ್ಟಿ ಪಲ್ಯ ಕೊಟ್ಟಳು, ಉಂಡೆ. ನಾಲ್ಕರ ಬಸ್ಸಿಗೆ ಹೊರಟೆ.

ನೀಲವ್ವ ಹೋದ ವರ್ಷ ತೀರಿಕೊಂಡಳೆಂದು ಅವಳ ಮಗ ಫೋನು ಮಾಡಿದ. ಅದೂ ಬಿತ್ತನೆಯ ಹೊತ್ತೇ ಆಗಿತ್ತು, ಮಣ್ಣಿಗೆ ನಾನು ಹೋಗಲಿಲ್ಲ. ಕಡೆಯ ದಿನಗಳಲ್ಲಿ ಮೊಮ್ಮಗಳು ಬಿತ್ತುವ ಕಾಳಿನ ಪುಟ್ಟಿ ತಂದು "ಅಜ್ಜಿ, ಮುಟ್ಟು" ಎಂದರೆ, ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳಂತೆ.