ಹವಳದ ಮೇಲೆ ತೇಲಿದ ದಿನ

"ನೀರಡಿಗೆ ಹೋಪ್ದ್ ಹೆಣ ಮಾತ್ರ. ನಮ್ಮನಿ ಹೆಣ್ಮಕ್ಳತ್ರ ಇದೆಲ್ಲ ಆಪ್ದಲ್ಲ."

ಹೀಗೆಂದವರು ನನ್ನ ಸೋದರಮಾವ. ಆಯುಷ್ಯವಿಡೀ ದೋಣಿ ನಡೆಸಿದವರು. ಈಜು ಮಾತ್ರ ಬಾರದು. ನಮ್ಮಲ್ಲಿ ಗಂಡಸರು ಮೀನು ಹಿಡಿಯುತ್ತಾರೆ, ಹೆಂಗಸರು ಮಾರುತ್ತಾರೆ. ನಾನು ಬಿ.ಕಾಂ.ಗೆ ಸೇರಿದಾಗಲೂ ಮಾವ ಇದೇ ಮಾತು ಹೇಳಿದ್ದರು, ಹೆಣವೊಂದನ್ನು ಬಿಟ್ಟು. ಮನೆಯ ಮೊದಲ ಡಿಗ್ರಿ ಈಗ ಗೋಡೆಯ ಮೇಲಿದೆ.

ಬೈಂದೂರು ಕಡೆಯಿಂದ ಬರುವ ಬಸ್ಸಿನಲ್ಲಿ ಕೂತು ಇದೆಲ್ಲ ನೆನೆಯುತ್ತಿದ್ದೇನೆ. ಕೈಗೆ ಇನ್ನೂ ಡೈವಿಂಗ್ ಮಾಸ್ಕಿನ ರಬ್ಬರಿನ ವಾಸನೆ. ಪಕ್ಕದ ಹೆಂಗಸು ಎರಡು ಸಲ ಮೂಗು ಮುರಿದರು. ಮೀನಿನ ವಾಸನೆಯಾಗಿದ್ದರೆ ಯಾವ ಮೀನು ಎಂದಾದರೂ ಕೇಳುತ್ತಿದ್ದರು.

ನೇತ್ರಾಣಿ ದ್ವೀಪದ ಬಳಿ, ಹವಳದ ದಿಬ್ಬದ ಮೇಲೆ, ನೀರಿನ ಸೆಳೆತ ಒಯ್ದತ್ತ ತೇಲಿಹೋಗುವ ಡೈವಿಂಗ್ ಇದೆ. ದೋಣಿ ನಮ್ಮ ಉಸಿರಿನ ಗುಳ್ಳೆ ನೋಡುತ್ತ ಹಿಂದೆ ಬರುತ್ತದೆ. ಹೊಸಬರಿಗೂ ಸುಲಭ ಎನ್ನುತ್ತಾರೆ. ನಾನು ಆ ದೋಣಿಯವರ ಆಫೀಸಿನಲ್ಲಿ ಟಿಕೆಟ್ ಬರೆಯುವವಳು. ಡೈವಿಂಗ್ ಕಲಿತು ಸರ್ಟಿಫಿಕೇಟ್ ಸಿಕ್ಕರೆ ಮೇಜು ಬಿಟ್ಟು, ಪ್ರವಾಸಿಗರ ಜೊತೆ ನೀರಿಗಿಳಿಯುವ ಕೆಲಸ; ಅದಕ್ಕೇ ಕಲಿಯಲು ಇಳಿದೆ.

ಆದರೆ ನೋಡಿ, ಸುಲಭದ್ದು ನನಗೆ ಅಭ್ಯಾಸವಿಲ್ಲ. ಪಡೆದದ್ದನ್ನೆಲ್ಲ ಎದುರು ಈಜಿಯೇ ಪಡೆದವಳು, ಅಲ್ಲಿಯೂ ಎದುರೇ ಈಜಿದೆ. ಕಾಲು ಬಡಿದೆ, ಬಂಡೆ ತಬ್ಬಿದೆ. ಎಲ್ಲರಿಗಿಂತ ಮೊದಲು ನನ್ನ ಸಿಲಿಂಡರಿನ ಗಾಳಿ ಮುಗಿಯಿತು. ಮೇಲೆ ಬಂದಾಗ ಕಲಿಸುವವರು ಕೇಳಿದರು:

"ಎಂತ ಮಾರಾಯ್ರೆ, ನೀರಿನೊಟ್ಟಿಗೆ ಜಗಳ ಮಾಡೂಕ್ ಹೋದ್ದಾ? ನಾಳೆ ಇನ್ನೊಂದ್ ಸಲ, ಅಷ್ಟೇ."

ಆ ರಾತ್ರಿ ನೆನಪಾದವಳು ಅಬ್ಬಿ, ನನ್ನ ತಾಯಿ. ಬಸ್ರೂರಿನ ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕುವವಳು. ನೀರು ಕಡಲತ್ತ ಸೆಳೆಯುವ ಇಳಿತದ ಹೊತ್ತಿಗೆ ಮೇಲಿನ ಕಡವಿನಲ್ಲಿ ಇಳಿದು, ಸೊಂಟಕ್ಕೆ ಕಟ್ಟಿದ ಪಾತ್ರೆ ತೇಲಿಸುತ್ತ, ಕಾಲಲ್ಲೇ ತಡಕುತ್ತ, ಪಾತ್ರೆ ತುಂಬುವಾಗ ಸರಿಯಾಗಿ ನಮ್ಮ ಮನೆಯೆದುರು ಹತ್ತುತ್ತಾಳೆ. ಚಿಕ್ಕಂದಿನಲ್ಲಿ ನನಗೆ ಹೇಳಿದ್ದಳು: "ನೀರ್ ಎಳುದ್ರೆ ಎಳೂಕ್ ಬಿಡ್ ಮಗಾ. ಎಲ್ಲಿ ಹತ್ತುದ್ ಅಂದೇಳಿ ಮಾತ್ರ ನೆನ್ಪಿಟ್ಕೋ."

ಮರುದಿನ ನೀರಿಗಿಳಿದು ಕೈಕಟ್ಟಿಕೊಂಡೆ. ಬಸ್ಸಿನ ಕಿಟಕಿಯಲ್ಲಿ ಗದ್ದೆಗಳು ಸರಿದಂತೆ ಹವಳ ನನ್ನಡಿಯಲ್ಲಿ ಸರಿಯಿತು. ಗಿಳಿಮೀನುಗಳು ಹವಳ ಕಡಿಯುವ ಕಟಕಟ ಸದ್ದು ಕಿವಿಗೇ ಕೇಳಿತು. ಮೇಲೆ ಬಂದಾಗ ಅರ್ಧ ಗಾಳಿ ಉಳಿದಿತ್ತು. ನಾನು ಹಾಕಿದ ಕೇಕೆ ಮಾವನಿಗೂ ಕೇಳಿರಬೇಕು.

ತಲ್ಲೂರಿನಲ್ಲಿ ಬಸ್ಸು ಬದಲಿಸಿ ಮನೆಗೆ ಬಂದರೆ, ಮಾವ ಹೊಳೆದಂಡೆಯಲ್ಲಿ ಬಲೆ ಬಿಡಿಸುತ್ತಿದ್ದಾರೆ. ಅಬ್ಬಿ ಆಗಷ್ಟೇ ನೀರಿನಿಂದ ಹತ್ತುತ್ತಿದ್ದಾಳೆ. ಅವಳು ಸೆರಗಿಗೆ ಕೈ ಒರೆಸಿಕೊಂಡ ಮೇಲೆ ಸರ್ಟಿಫಿಕೇಟ್ ಕೊಟ್ಟೆ.

"ಎಂತ ಬರ್ದಿರ್ ಇದ್ರಗೆ?"

"ನೀರ್ ಹೋದಲ್ಲಿಗೆ ಹೋಪೂಕೆ ಬತ್ತ್ ಅಂದೇಳಿ."

ಅಬ್ಬಿ ಬಾಯ್ತುಂಬ ನಕ್ಕಳು. "ಅಷ್ಟೇಯಾ? ಹಾಂಗಾರೆ ನಂಗೂ ಒಂದ್ ಕೊಡೂಕ್ ಹೇಳ್." ಮತ್ತೆ ದಂಡೆಯತ್ತ ತಿರುಗಿದಳು. "ಹ್ವಾಯ್ ಅಣ್ಣ, ನಿಂಗ್ ಸಿಕ್ಕುದಿಲ್ಲೆ ಕಾಣ್. ನಿಂಗೆ ಈಜೂಕೇ ಬತ್ತಿಲ್ಲೆ!"