ದುಂಡು ಮುಖದ ಫೋಟೋ

ಅತ್ತೆಯ ಮೊಬೈಲಿನಲ್ಲಿ ನನ್ನ ಮಗನ ಒಂದು ಫೋಟೋ ಇದೆ. ಅದನ್ನು ಕಂಡರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಅವನು ಹುಟ್ಟುವಾಗಲೇ ಕರುಳು ಹೊಟ್ಟೆಯಿಂದ ಹೊರಗಿತ್ತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಅಂದೇ ಆಪರೇಷನ್ ಮಾಡಿ ಒಳಗೆ ಸೇರಿಸಿದರು. ಸದ್ಯ, ಬದುಕಿತು ಅಂದುಕೊಳ್ಳುವಷ್ಟರಲ್ಲಿ ಡಾಕ್ಟರು ನನ್ನನ್ನೂ ಗಂಡನನ್ನೂ ಕರೆದು ಕೂರಿಸಿದರು. ಆ ಪುಟ್ಟ ಹೊಟ್ಟೆಯಲ್ಲಿ ಕರುಳಿಗೆ ಜಾಗ ಸಾಲದೆ, ಒತ್ತಡ ಹೆಚ್ಚಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಮೂತ್ರ ನಿಂತುಹೋಗಿತ್ತು. ಮತ್ತೆ ಬಂದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಹೇಳುವುದು ಕಷ್ಟ ಎಂದರು. ಸಿಸ್ಟರ್‌ಗಳು ಡೈಪರ್ ಬಿಚ್ಚಿ ತೂಗಿ ನೋಡುತ್ತಿದ್ದರು. ಪ್ರತಿ ಸಲವೂ ಒಣಗಿದ್ದೇ. ನಾನು ದೇವರ ಹತ್ತಿರ ಉಚ್ಚೆ ಬೇಡುತ್ತಿದ್ದೆ. ನಗು ಬಂದರೆ ನಗಿ.

ಹೊರಹೋಗಲಾರದ ನೀರೆಲ್ಲ ಮೈಯಲ್ಲೇ ನಿಂತು ಮಗು ಊದತೊಡಗಿತು. ಕಣ್ಣು ಬಿಡಲೂ ಆಗದಷ್ಟು ರೆಪ್ಪೆ ದಪ್ಪವಾಯಿತು. ಅವತ್ತೇ ಬಾಗಲೂರಿನಿಂದ ಅತ್ತೆ ಬಂದು ಗಾಜಿನಾಚೆಯಿಂದ ನೋಡಿದರು.

"ಕೂಸು ಎಂಗೆ ಮೈ ತುಂಬ್ಕೊಂಡೈತೆ ನೋಡಮ್ಮಿ. ನಮ್ಮನೆ ರಕ್ತ ಅಲ್ವಾ."

"ಅತ್ತೆ, ಅದು ಮೈ ಅಲ್ಲ, ನೀರು. ಕಿಡ್ನಿ ಕೆಲ್ಸ ಮಾಡ್ತಿಲ್ಲ, ಉಚ್ಚೆ ಹೋಗ್ತಿಲ್ಲ."

"ಬಿಡ್ತು ಅನ್ನು. ತಾಯಾದೋಳು ಇಂಗೆಲ್ಲ ಮಾತಾಡ್ತಾರಾ?"

ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು. ಅಮ್ಮನೆದುರು ನನ್ನ ಗಂಡನಿಗೆ ಬಾಯಿಲ್ಲ.

ಡಾಕ್ಟರು ಹೊಲಿಗೆ ಮತ್ತೆ ಬಿಚ್ಚಿ, ಕರುಳನ್ನು ಸ್ವಲ್ಪ ಕಾಲ ಹೊಟ್ಟೆಯ ಹೊರಗೆ ಒಂದು ಚೀಲದಲ್ಲಿಟ್ಟು ಒತ್ತಡ ಇಳಿಸಿದರು. ಒಂದು ಬೆಳಿಗ್ಗೆ ಸಿಸ್ಟರ್ ನನ್ನ ಕೈಗೆ ಡೈಪರ್ ಕೊಟ್ಟು, "ಹಿಡ್ಕೊಂಡು ನೋಡಿ ಮೇಡಂ, ಭಾರ ಇದೆ" ಎಂದರು. ಅದನ್ನು ಹಿಡಿದುಕೊಂಡೇ ನಾನು ಅತ್ತುಬಿಟ್ಟೆ, ಎಲ್ಲರೆದುರಿಗೆ.

ನೀರು ಇಳಿದ ಮೇಲೆ ಉಳಿದದ್ದು ಪಕ್ಕೆಲುಬು ಎಣಿಸಬಹುದಾದ ಮಗು. ಅವನನ್ನು ಮನೆಗೆ ಕರೆತಂದಾಗ ಅತ್ತೆಗೆ ನನ್ನ ಮೇಲೆಯೇ ಅನುಮಾನ. "ಆಸ್ಪತ್ರೇಲಿ ಗುಂಡಗಿದ್ದ ಕೂಸು, ಇವ್ಳ ಕೈಗೆ ಬಂದು ಸೊರಗೋಯ್ತು," ಎನ್ನುತ್ತ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ನಿವಾಳಿಸುವಾಗ ನನ್ನನ್ನು ಆಚೆ ನಿಲ್ಲಿಸಿದ್ದರು. ಹೆತ್ತವಳ ಕಣ್ಣೇ ತಾಗಿದೆಯಂತೆ.

ನಾಮಕರಣಕ್ಕೆ ಮನೆ ಮುಂದೆ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಅದೇ ಫೋಟೋ. ಈಗಿನದು ಹಾಕಿಸಿ ಎಂದು ಕೇಳಿಕೊಂಡಿದ್ದೆ. "ಬಡಕಲು ಮೊಕ ಯಾರ್ ನೋಡ್ತಾರೆ?" ಎಂದಿದ್ದರು.

ಬಂದವರೆಲ್ಲ ತಲೆಯೆತ್ತಿ ಫ್ಲೆಕ್ಸ್ ನೋಡಿ, ಎಷ್ಟು ದುಂಡಗಿದ್ದಾನೆ ಎಂದು ನೆಟಿಕೆ ಮುರಿದು ದೃಷ್ಟಿ ತೆಗೆದರು. ನನ್ನ ಮಗ ಸಾಯುತ್ತಿದ್ದ ದಿನದ ಮುಖ ಅದು. ಬದುಕಿದವನು ಅದರ ಕೆಳಗೇ ನನ್ನ ಮಡಿಲಲ್ಲಿ ಮಲಗಿದ್ದ. ಅವನನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಅಷ್ಟರಲ್ಲಿ ಅವನು ನನ್ನ ರೇಷ್ಮೆ ಸೀರೆಯನ್ನು ಒದ್ದೆ ಮಾಡಿದ. ಹೋಗಿ ಸೀರೆ ಬದಲಾಯಿಸಿಕೊಂಡು ಬಾ ಎಂದು ಅತ್ತೆ ಸನ್ನೆ ಮಾಡಿದರು. ನಾನು ಏಳಲಿಲ್ಲ.